ಕಡಲೊಳಗಣ ಬಿಲ್ಲು

ಫ್ರಾನ್ಸಿನ ದಕ್ಷಿಣ ತೀರದಲ್ಲಿ, ವಿಮಾನಚಾಲಕರ ಹಳೆಯ ಕನ್ನಡಕದ ಸಂದುಗಳಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದು, ಕೈಯಲ್ಲೊಂದು ಈಟಿಯನ್ನು ಹಿಡಿದು ನೀರಿಗಿಳಿಯುತ್ತಿದ್ದ ಅಮೆರಿಕದ ಲೇಖಕ ಗೈ ಗಿಲ್‌ಪ್ಯಾಟ್ರಿಕ್, ಆ ಮತ್ಸ್ಯಬೇಟೆಯ ವಿನೋದವನ್ನು 1938ರಲ್ಲಿ ಗ್ರಂಥರೂಪಕ್ಕೆ ತಂದನು. ಈಟಿಯನ್ನೆಸೆಯುವ ಉಕ್ಕಿನ ಸ್ಪ್ರಿಂಗಿನ ಬಂದೂಕುಗಳೂ ಆ ದಶಕದಲ್ಲಿಯೇ ತಲೆದೋರಿದುವು. ಆದರೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವುದು ಉಕ್ಕಿನ ಸ್ವಭಾವವಷ್ಟೆ! ಹಿಡಿಯ ತುದಿಯನ್ನು ಎದೆಗೊತ್ತಿ, ಸ್ಪ್ರಿಂಗಿಗೆ ಬದಲಾಗಿ ರಬ್ಬರಿನ ಪಟ್ಟಿಯನ್ನು ಎರಡೂ ಕೈಗಳಿಂದ ಸೆಳೆದು, ಈಟಿಯ ಕಚ್ಚಿಗೆ ಸಿಲುಕಿಸುವ, ಅಡ್ಡಬಿಲ್ಲಿನ ಹೆಸರನ್ನೇ ಹೊತ್ತ ‘ಅರ್ಬಲೆಟ್’ ಎಂಬ ಸರಳಾಯುಧವನ್ನು ಮಾರ್ಸೇಯಿಯ ಜಾರ್ಜ್ ಬ್ಯೂಷಾ 1947ರಲ್ಲಿ ರೂಪಿಸಿದನು. ಬಂಡೆಗಳ ನಡುವೆ ಮೊದಲ ಬಾರಿ ಮೀನನ್ನರಸುವವನು ದೀರ್ಘವಾದ ನಳಿಗೆಗೆ ಮನಸೋಲುವುದು ಸಹಜವೇ. ಆದರೆ ಕಿರಿದಾದ ಗವಿಯ ಬಾಯಲ್ಲಿ ತಿರುಗದ ಆಯುಧದಿಂದ ಪ್ರಯೋಜನವೇನು? ಅವನಿಗೆ 75 ಸೆಂಟಿಮೀಟರಿನ ಅರ್ಬಲೆಟ್ಟೇ ಧಾರಾಳವಾಗಿ ಸಾಕು.