ಗವರ್ ಕಡಲತೀರದ ನೆಮ್ಮದಿಗೊಂದು ಚರಿತ್ರೆ

ಬೇಸಿಗೆ ರಜೆಯಲ್ಲಿ ವೇಲ್ಸ್‌ನ ಗವರ್ ಪರ್ಯಾಯದ್ವೀಪಕ್ಕೆ ಹೋಗಿಬರುವ ಕನ್ನಡ ಕುಟುಂಬಗಳು ನಮ್ಮಲ್ಲಿ ಹಲವು. ಅಲ್ಲಿನ ರಾಸಿಲಿಯಲ್ಲಿ ಸುಮಾರು 5 ಕಿಲೋಮೀಟರ್ ಉದ್ದದ ಮರಳ ದಂಡೆಯಿದೆ. ಹೋಟೆಲುಗಳ ಸಾಲಿಲ್ಲ, ಅಂಗಡಿಗಳ ಗದ್ದಲವಿಲ್ಲ. ಕಡಲು ಇಳಿದಾಗ 1887ರಲ್ಲಿ ಒಡೆದ ಹೆಲ್ವೆಟಿಯಾ ಹಡಗಿನ ಮರದ ಅವಶೇಷ ಕಾಣುತ್ತದೆ. ಈ ನೆಮ್ಮದಿಯನ್ನು ನಾವು ಪ್ರಕೃತಿಯ ಕೊಡುಗೆಯೆಂದಷ್ಟೇ ಭಾವಿಸುವುದುಂಟು. ಚರಿತ್ರೆ ಹೇಳುವುದು ಬೇರೆ.

ನೆರೆಯ ಸ್ವಾನ್ಸಿ, ತಾಮ್ರ ಕರಗಿಸುವ ಕುಲುಮೆಗಳಿಂದ ಹೆಸರಾದ ಕೈಗಾರಿಕಾ ನಗರ. ಅದರ ಮಗ್ಗುಲಲ್ಲೇ ಇರುವ ತೀರವನ್ನು ಕಾಯಲು 1947ರಲ್ಲಿ ಗವರ್ ಸೊಸೈಟಿ ಹುಟ್ಟಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. ಅದರಡಿ 1956ರಲ್ಲಿ ಗವರ್, ಬ್ರಿಟನ್ನಿನ ಮೊತ್ತಮೊದಲ ‘ವಿಶಿಷ್ಟ ನಿಸರ್ಗ ಸೌಂದರ್ಯದ ಪ್ರದೇಶ’ವೆಂದು ಘೋಷಿತವಾಯಿತು.

ಕಾನೂನಿನ ರಕ್ಷಣೆಯೊಂದೇ ಸಾಲದೆಂದು 1965ರಲ್ಲಿ ನ್ಯಾಷನಲ್ ಟ್ರಸ್ಟ್ ‘ನೆಪ್ಚೂನ್’ ಅಭಿಯಾನವನ್ನು ಆರಂಭಿಸಿ, ತೀರಭೂಮಿಯನ್ನು ಕೊಂಡು ಉಳಿಸಲು ಜನರಲ್ಲಿ ದೇಣಿಗೆ ಬೇಡಿತು. ಆ ಅಭಿಯಾನದಲ್ಲಿ ಮೊದಲು ಕೊಂಡದ್ದು ಗವರ್‌ನದೇ ಆದ ವೈಟ್‌ಫರ್ಡ್ ಬರೋಸ್ ಎಂಬ ಮರಳುದಿಬ್ಬಗಳ ಸೀಮೆಯನ್ನು.

ಅಂದು ದೇಣಿಗೆ ಕೊಟ್ಟವರಿಗೆ ನಮ್ಮ ಪರಿಚಯವಿರಲಿಲ್ಲ. ನಮ್ಮಲ್ಲಿ ಬಹುತೇಕರು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಇಂದು ನಮ್ಮ ಮಕ್ಕಳು ಆ ದಂಡೆಯಲ್ಲಿ ಮರಳಿನ ಗುಡಿ ಕಟ್ಟಿ ಆಡುತ್ತಾರೆ. ಮುಂದೆ ನೀರು ಕುಡಿಯುವವರು ಯಾರೆಂದು ಕೇಳದೆ ಕೆರೆ ಕಟ್ಟಿಸಿದವರ ನಾಡಿನಿಂದ ಬಂದ ನಮಗೆ ಇಂತಹ ಋಣ ಹೊಸದಲ್ಲ. ದಿಬ್ಬದ ಹುಲ್ಲನ್ನು ತುಳಿಯದೆ ಕಾಲುದಾರಿಯಲ್ಲೇ ನಡೆಯುವುದು, ತಂದ ಬುತ್ತಿಯ ಕಸವನ್ನು ಮರಳಿ ಒಯ್ಯುವುದು ಆ ಋಣದ ಮೊದಲ ಕಂತು.