ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ...

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಹೇಳಬಹುದು, ಆದರೆ ನಿಜವಾದ ಕಾರಣ ಸೋಮಾರಿತನ :) ಇವತ್ತು ಬರೆಯಲು ಕೂರಿಸಿದ್ದು ಊರಿನ ಮನೆಯ ಫ್ರಿಜ್ಜು. ನಗಬೇಡಿ, ಸ್ವಲ್ಪ ಗಂಭೀರ ವಿಷಯವೇ.

ಕಳೆದ ಮಳೆಗಾಲದ ಒಂದು ರಾತ್ರಿ ಅಪ್ಪನ ಫೋನು ಬಂತು. "ನಿನ್ನೆ ಮಧ್ಯಾಹ್ನ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದದ್ದು, ಇವತ್ತು ಸಂಜೆ ಬಂತು ನೋಡು. ಅಮ್ಮನ ಇನ್ಸುಲಿನ್ ಫ್ರಿಜ್ಜಿನಲ್ಲೇ ಇತ್ತು. ಚುಚ್ಚಬಹುದೋ, ಬೇಡವೋ?" ಮುಟ್ಟಿ ನೋಡು ಅಂದೆ. "ತಣ್ಣಗೇ ಇದೆಯಪ್ಪಾ" ಅಂದರು. ಕರೆಂಟು ಬಂದು ಮೂರು ಗಂಟೆ ಆದ ಮೇಲೆ ತಣ್ಣಗಿರದೆ ಇನ್ನೇನು? ನಮಗೆ ಬೇಕಾಗಿದ್ದದ್ದು ಈಗ ಹೇಗಿದೆ ಅನ್ನುವುದಲ್ಲ, ಆ ಇಪ್ಪತ್ತೆಂಟು ಗಂಟೆಯಲ್ಲಿ ಹೇಗಿತ್ತು ಅನ್ನುವುದು.

ನಾಚಿಕೆಯಾಗಿದ್ದು ಆಗ. ನನ್ನ ಹೊಟ್ಟೆಪಾಡೇ ಸರ್ವರುಗಳ ಮೇಲೆ ಕಣ್ಣಿಡುವ ತಂತ್ರಾಂಶ ಬರೆಯುವುದು. ಭೂಮಿಯ ಆ ಬದಿಯ ಯಾವುದೋ ಮೆಷೀನು ಅರ್ಧ ಸೆಕೆಂಡು ತಡಮಾಡಿದರೆ ನನ್ನ ಫೋನು ಕಿರುಚುತ್ತದೆ. ಅಮ್ಮನ ಔಷಧ ಬಿಸಿಯಾದರೆ ಮಾತ್ರ ಗೊತ್ತಾಗುವುದಿಲ್ಲ! ಡಾಕ್ಟರನ್ನು ಕೇಳಿ ಹೊಸ ಬಾಟಲಿ ತಂದರು, ಆ ದಿನದ ಕತೆ ಮುಗಿಯಿತು. ನಾನು ಮಾತ್ರ ವೈರ್‌ಲೆಸ್ ಸೆನ್ಸರ್ ಹುಡುಕಲು ಕೂತೆ. ಹುಡುಕುತ್ತಾ ಹುಡುಕುತ್ತಾ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಹೋಗಿದ್ದು ವ್ಯರ್ಥವಾಗಲಿಲ್ಲ. ಯಾವ ಸೆನ್ಸರ್ ಕೊಳ್ಳಬೇಕು ಅಂತ ನನಗೆ ಹೇಳಿಕೊಟ್ಟದ್ದು ಆ ಹಳೆಯ ಕತೆಗಳೇ.

ಮೊದಲು ಮಂಜುಗಡ್ಡೆಯಿಂದ ಶುರುಮಾಡೋಣ. 1833ರಲ್ಲಿ ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ 'ಟಸ್ಕನಿ' ಎಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿಸಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ. ಬಂದು ಮುಟ್ಟಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು! ಮದ್ರಾಸಿನ ಕಡಲ ತೀರದಲ್ಲಿ ಇವನ ಮಂಜುಗಡ್ಡೆಗೆ ಕಟ್ಟಿಸಿದ ಐಸ್ ಹೌಸ್ ಇವತ್ತಿಗೂ ಇದೆ, ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ. ಆ ಕಾಲದ ಐಸ್ ಪೆಟ್ಟಿಗೆಗೆ ಥರ್ಮಾಮೀಟರಿನ ಅಗತ್ಯವೇ ಇರಲಿಲ್ಲ. ಕರಗುತ್ತಿರುವ ಮಂಜುಗಡ್ಡೆ ಪೂರ್ತಿ ಕರಗುವ ತನಕ ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ಗಡ್ಡೆ ಉಳಿದಿದೆಯೋ ಇಲ್ಲವೋ ನೋಡಿದರೆ ಸಾಕು, ಕಳೆದ ರಾತ್ರಿಯ ಕತೆಯೂ ಗೊತ್ತಾಗುತ್ತಿತ್ತು.

ಯಂತ್ರದ ಫ್ರಿಜ್ಜು ಬಂದಾಗ ಈ ಅನುಕೂಲ ಕಳೆದುಹೋಯಿತು. 1927ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 'ಮಾನಿಟರ್ ಟಾಪ್' ಎಂಬ ಫ್ರಿಜ್ಜು ಹೊರತಂದು ಹತ್ತು ಲಕ್ಷಕ್ಕೂ ಹೆಚ್ಚು ಮಾರಿತು. ನಮ್ಮಲ್ಲಿ ಗೋದ್ರೇಜ್ ಫ್ರಿಜ್ಜು ಮಾಡಲು ಶುರುಮಾಡಿದ್ದು 1958ರಲ್ಲಿ. ಕರೆಂಟು ಇರುವವರೆಗೆ ತಣ್ಣಗಿಡುವ ಈ ಪೆಟ್ಟಿಗೆ, ನಡುವೆ ಏನಾಯಿತು ಅನ್ನುವುದನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮ ಮನೆಯ ಫ್ರಿಜ್ಜಿನ ಒಳಗಿನ ತಿರುಪು ನೋಡಿ, 1ರಿಂದ 7ರವರೆಗೆ ಅಂಕೆ ಇರಬಹುದು. ಅದು ಡಿಗ್ರಿ ಅಲ್ಲ! ತೆಳ್ಳಗಿನ ಕೊಳವೆಯೊಳಗಿನ ದ್ರವ ಅಥವಾ ಅನಿಲ ಹಿಗ್ಗಿ ಕುಗ್ಗಿ ಒಂದು ಸ್ವಿಚ್ಚನ್ನು ತಳ್ಳುವ ವ್ಯವಸ್ಥೆ ಅದು. ಆ ಕೊಳವೆ ಎಲ್ಲಿ ಅಂಟಿಕೊಂಡಿದೆಯೋ ಅಲ್ಲಿಯ ತಂಪು ಮಾತ್ರ ಅದಕ್ಕೆ ಗೊತ್ತು. ಮೊಸರಿನ ಪಾತ್ರೆಯ ಸುದ್ದಿ, ಬಾಗಿಲಿನ ಸುದ್ದಿ ಅದಕ್ಕೆ ಬೇಡ.

ಅಂದ ಹಾಗೆ, ಫ್ರೀಜರ್ ಮೈನಸ್ 18ರಲ್ಲಿರಬೇಕು ಅನ್ನುತ್ತಾರಲ್ಲ, ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಅದು ಫ್ಯಾರನ್‌ಹೀಟನ ಸೊನ್ನೆ! ಮಂಜು, ನೀರು, ನವಸಾಗರ ಬೆರೆಸಿ ತಾನು ಪಡೆದ ಚಳಿಗೆ ಅವನು ಸೊನ್ನೆ ಅಂತ ಹೆಸರಿಟ್ಟ, 1724ರಲ್ಲಿ ಪ್ರಕಟಿಸಿದ. ಅಮೆರಿಕದವರು ಫ್ರೀಜರಿಗೆ ಅದೇ ದುಂಡು ಸಂಖ್ಯೆ ಹಿಡಿದರು, ನಮ್ಮ ಸೆಲ್ಸಿಯಸ್ಸಿಗೆ ಬಂದಾಗ ಅದು ಮೈನಸ್ 18 ಆಯಿತು. ಹಳೇ ಪ್ರೋಗ್ರಾಮಿನಲ್ಲಿ ಯಾರೋ ಬರೆದಿಟ್ಟ ಸಂಖ್ಯೆಯನ್ನು ನಾವು ಮುಟ್ಟಲು ಹೆದರುತ್ತೇವಲ್ಲ, ಹಾಗೆ :)

ಇರಲಿ, ವಿಷಯಕ್ಕೆ ಬರುತ್ತೇನೆ. 'ನಾನು ನೋಡದಿದ್ದಾಗ ಏನಾಯಿತು' ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದವನು ಇಂಗ್ಲೆಂಡಿನ ಕ್ಯಾಂಟರ್ಬರಿಯ ಜೇಮ್ಸ್ ಸಿಕ್ಸ್. ಅವನ ಥರ್ಮಾಮೀಟರಿನ ವಿವರ 1782ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. 'ಯು' ಆಕಾರದ ಗಾಜಿನ ಕೊಳವೆ, ಒಳಗೆ ಪಾದರಸ, ಅದರ ಎರಡು ತುದಿಗಳ ಮೇಲೆ ಎರಡು ಪುಟ್ಟ ಕಡ್ಡಿಗಳು. ಪಾದರಸ ಏರಿದಾಗ ಕಡ್ಡಿಯನ್ನು ತಳ್ಳುತ್ತದೆ, ಇಳಿದಾಗ ಕಡ್ಡಿ ಅಲ್ಲೇ ಉಳಿಯುತ್ತದೆ. ಒಂದು ಕಡೆ ಅತಿ ಹೆಚ್ಚು, ಇನ್ನೊಂದು ಕಡೆ ಅತಿ ಕಡಿಮೆ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯ ಚಳಿ ಎಷ್ಟಿತ್ತು ಅಂತ ಗೊತ್ತು. ಆಮೇಲೆ ಒಂದು ಅಯಸ್ಕಾಂತದಿಂದ ಕಡ್ಡಿಗಳನ್ನು ಮತ್ತೆ ಪಾದರಸದ ಹತ್ತಿರ ತಂದರಾಯಿತು. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಆದರೂ ನೆನಪಿದೆ!

ನೆನಪು ಬಂತು, ದನಿ ಬರಬೇಕಿತ್ತು. ಅದು ಬಂದದ್ದು ಆಕಾಶದಿಂದ. ಮೊದಲೆಲ್ಲ ಹವಾಮಾನದವರು ಬಲೂನಿಗೆ ಉಪಕರಣ ಕಟ್ಟಿ ಬಿಡುತ್ತಿದ್ದರು. ಬಲೂನು ಒಡೆದು ಎಲ್ಲೋ ಬಿದ್ದದ್ದು ಯಾರಿಗಾದರೂ ಸಿಕ್ಕಿ ವಾಪಸ್ ತಂದುಕೊಟ್ಟರೆ ಮೇಲಿನ ಚಳಿ ಎಷ್ಟು ಅಂತ ತಿಳಿಯುತ್ತಿತ್ತು. 1929ರ ಜನವರಿಯಲ್ಲಿ ಫ್ರಾನ್ಸಿನ ರಾಬರ್ಟ್ ಬ್ಯೂರೋ ಬಲೂನಿನಿಂದಲೇ ರೇಡಿಯೋ ಮೂಲಕ ಮಾಹಿತಿ ಕಳಿಸುವಂತೆ ಮಾಡಿದ, ಅದಕ್ಕೆ 'ರೇಡಿಯೋಸಾಂಡ್' ಅಂತ ಹೆಸರಿಟ್ಟ. ಮರುವರ್ಷದ ಜನವರಿಯಲ್ಲಿ ರಷ್ಯಾದ ಪಾವೆಲ್ ಮೊಲ್ಚನೋವ್ ತನ್ನದನ್ನು ಹಾರಿಸಿದ. ನಾವು ಇವತ್ತು ಫ್ರೀಜರಿನಲ್ಲಿಡುವ ವೈರ್‌ಲೆಸ್ ಸೆನ್ಸರಿನ ಮುತ್ತಜ್ಜ ಇದೇ. ಅದರ ಒಳಗಿನ ಜೀವವೂ ಹಳೆಯದು. ಬಿಸಿಯಾದಂತೆ ವಿದ್ಯುತ್ ರೋಧ ಕಡಿಮೆಯಾಗುವ ವಸ್ತುವೂ ಇದೆ ಅಂತ ಮೈಕೆಲ್ ಫ್ಯಾರಡೆ ಗಮನಿಸಿದ್ದು 1833ರಲ್ಲಿ, ಟ್ಯೂಡರನ ಹಡಗು ಕಲ್ಕತ್ತೆಗೆ ಬಂದ ಅದೇ ವರ್ಷ! ಅಗ್ಗದ ಸೆನ್ಸರುಗಳಲ್ಲಿ ಈಗಲೂ ಇರುವ ಥರ್ಮಿಸ್ಟರ್ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ನಮ್ಮ ದೇಶದ ಹವಾಮಾನ ಉಪಕರಣಗಳ ಕತೆ ಹೇಳುವಾಗ ಅಣ್ಣಾ ಮಣಿಯವರನ್ನು ಬಿಡುವ ಹಾಗಿಲ್ಲ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದವರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಅಲ್ಲಿಯವರೆಗೆ ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಅನ್ನುವುದು ಅವರ ಪಾಲಿಗೆ ವ್ರತದ ಹಾಗಿತ್ತು. ನಿವೃತ್ತಿಯ ನಂತರವೂ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದರು.

ಇನ್ನು ಲಸಿಕೆಯ ಕತೆ. ಇನ್ಸುಲಿನ್ನಿನ ಹಾಗೆ ಬಹಳಷ್ಟು ಲಸಿಕೆಗಳೂ 2ರಿಂದ 8 ಡಿಗ್ರಿಯೊಳಗೆ ಇರಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಿನಕ್ಕೆ ಎರಡು ಬಾರಿ ಫ್ರಿಜ್ಜಿನ ತಾಪಮಾನ ಪುಸ್ತಕದಲ್ಲಿ ಬರೆದಿಡುವ ಪದ್ಧತಿ. ಆದರೆ ಬೆಳಿಗ್ಗೆಗೂ ಸಂಜೆಗೂ ನಡುವೆ? 1996ರಲ್ಲಿ ಪೋಲಿಯೋ ಹನಿಯ ಬಾಟಲಿಯ ಮೇಲೆ, ಶಾಖ ತಾಗಿದಷ್ಟೂ ಕಪ್ಪಾಗುವ ಒಂದು ಪುಟ್ಟ ಚೌಕ ಬಂತು. ಬಾಟಲಿಗೇ ನೆನಪು ಬಂದ ಹಾಗಾಯಿತು. ಆದರೆ ಆ ಚೌಕಕ್ಕೆ ಗೊತ್ತಾಗುವುದು ಶಾಖ ಮಾತ್ರ. ಹೆಪ್ಪುಗಟ್ಟಿದರೆ ಅದು ಬಾಯಿಬಿಡುವುದಿಲ್ಲ. ಬಿಸಿಯ ಭಯದಲ್ಲಿ ಅತಿಯಾಗಿ ತಣ್ಣಗೆ ಮಾಡಿ ಲಸಿಕೆ ಹಾಳಾಗುವುದು ನಾವಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಅಂತ 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರು ತೋರಿಸಿದರು. 2015ರಲ್ಲಿ ನಮ್ಮಲ್ಲಿ 'ಇ-ವಿನ್' ಶುರುವಾದಾಗ ಲಸಿಕೆಯ ಫ್ರಿಜ್ಜಿಗೆ ಮೊಬೈಲ್ ಜಾಲದ ಮೂಲಕ ಸುದ್ದಿ ಕಳಿಸುವ ಸೆನ್ಸರ್ ಅಳವಡಿಸಿದರು. ಸಿಕ್ಸನ ನೆನಪು, ಬ್ಯೂರೋನ ದನಿ ಎರಡೂ ಒಂದೇ ಡಬ್ಬಿಯಲ್ಲಿ.

ಇಷ್ಟೆಲ್ಲ ಓದುವ ಮೊದಲೇ ನಾನು ಆತುರಕ್ಕೆ ಬಿದ್ದು ಒಂದು ವೈಫೈ ಸೆನ್ಸರ್ ಕೊಂಡು ಊರಿಗೆ ಕಳಿಸಿದ್ದೆ. ಬೆಂಗಳೂರಿನಲ್ಲಿ ಕೂತು ಅಮ್ಮನ ಫ್ರಿಜ್ಜು ನೋಡುವ ಖುಷಿಯೇ ಖುಷಿ! ಮುಂದಿನ ಸಲ ಕರೆಂಟು ಹೋಯಿತು. ಕರೆಂಟಿನ ಜೊತೆ ಮನೆಯ ರೌಟರೂ ಮಲಗಿತು. ನನ್ನ ಫೋನಿನಲ್ಲಿ ಮಾತ್ರ ಕೊನೆಯ ಓದು, 5 ಡಿಗ್ರಿ, ಹಸಿರು ಬಣ್ಣದಲ್ಲಿ ಹಾಗೇ ನಗುತ್ತಿತ್ತು. ಯಾವಾಗ ಬೇಕೋ ಆಗಲೇ ಮೂಕ. ಸರ್ವರ್ ಸುಮ್ಮನಿದ್ದರೆ ಅದು ಚೆನ್ನಾಗಿದೆ ಅಂತಲ್ಲ, ಸತ್ತಿರಬಹುದು ಅಂತ ದಿನಾ ಜೂನಿಯರುಗಳಿಗೆ ಪಾಠ ಹೇಳುವವನು ನಾನೇ.

ಎರಡನೇ ಸಲ ಕತೆಗಳನ್ನು ನೆನಪಿಟ್ಟುಕೊಂಡು ಆರಿಸಿದೆ. ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ನೆನಪು. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ, ಸಾಧ್ಯವಾದರೆ ಗಂಟೆಗಂಟೆಯ ಲೆಕ್ಕವನ್ನೂ ಸೆನ್ಸರ್ ತನ್ನೊಳಗೇ ಇಟ್ಟುಕೊಳ್ಳಬೇಕು. ಇಂಟರ್ನೆಟ್ ಇಲ್ಲದಾಗ ಮರೆತುಬಿಡುವಂಥದ್ದು ಬೇಡ.

ಎರಡನೆಯದು ದನಿ. ಫ್ರಿಜ್ಜು ಅಂದರೆ ತಗಡಿನ ಪೆಟ್ಟಿಗೆ, ತಗಡಿನ ಪೆಟ್ಟಿಗೆ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಲೋಹದ ಪೆಟ್ಟಿಗೆ ಹೊರಗಿನ ವಿದ್ಯುತ್ತಿನ ಪ್ರಭಾವವನ್ನು ಒಳಗೆ ಬಿಡುವುದಿಲ್ಲ ಅಂತ ತೋರಿಸಿದವನೂ ಅದೇ ಫ್ಯಾರಡೆ, 1836ರಲ್ಲಿ! ಅಲೆ ಹೊರಗೆ ಬರುವುದು ಹೆಚ್ಚಾಗಿ ಬಾಗಿಲಿನ ರಬ್ಬರಿನ ಸಂದಿಯಿಂದ. ಹಾಗಾಗಿ ಬ್ಲೂಟೂತ್ ಆಗಲಿ ಜಿಗ್ಬೀ ಆಗಲಿ, ಪೆಟ್ಟಿಗೆಯ ಮೇಲೆ ಬರೆದ ಮೀಟರ್ ಲೆಕ್ಕ ನಂಬಬೇಡಿ. ಒಳಗಿಟ್ಟು ಬಾಗಿಲು ಹಾಕಿ, ಅಡುಗೆಮನೆಯಿಂದ ಜಗುಲಿಯವರೆಗೆ ನಡೆದು ನೋಡಿ. ನಾನು ಆರಿಸಿದ್ದು ಸಣ್ಣ ತಂತಿಯ ತುದಿಯಲ್ಲಿ ಸೆನ್ಸರ್ ಇರುವಂಥದ್ದು. ತಂತಿ ಮಾತ್ರ ರಬ್ಬರಿನ ಸಂದಿಯಿಂದ ಒಳಗೆ ಹೋಗುತ್ತದೆ, ರೇಡಿಯೋ, ಬ್ಯಾಟರಿ ಹೊರಗೇ ಇರುತ್ತವೆ. ಇದರಿಂದ ಬ್ಯಾಟರಿಗೂ ಒಳ್ಳೆಯದು. ಮಾಮೂಲಿ ಆಲ್ಕಲೈನ್ ಸೆಲ್ಲಿನೊಳಗಿನ ದ್ರವ ನೀರಿನದ್ದು, ಫ್ರೀಜರಿನ ಚಳಿಗೆ ಅದರ ಶಕ್ತಿ ಕುಗ್ಗುತ್ತದೆ. ಒಳಗೇ ಇಡಲೇಬೇಕಾದರೆ ಲಿಥಿಯಂ ಸೆಲ್ ಹಾಕಿ. ಎಲ್ಲಕ್ಕಿಂತ ಮುಖ್ಯ, ಕರೆಂಟು ಹೋದಾಗ ಮನೆಯಲ್ಲಿರುವುದು ನಾನಲ್ಲ, ಅಪ್ಪ. ಆದ್ದರಿಂದ ಅಡುಗೆಮನೆಯಲ್ಲಿ ಬ್ಯಾಟರಿಯಿಂದ ನಡೆಯುವ, ದೊಡ್ಡ ಅಂಕೆ ತೋರಿಸುವ, ಕೂಗುವ ಪುಟ್ಟ ಡಬ್ಬಿ ಬೇಕಿತ್ತು.

ಮೂರನೆಯದು ಸತ್ಯ, ಅಣ್ಣಾ ಮಣಿಯವರ ಪಾಠ. ಲೋಟದಲ್ಲಿ ಪುಡಿಮಾಡಿದ ಐಸು ತುಂಬಿ, ಸ್ವಲ್ಪ ನೀರು ಹಾಕಿ ಕಲಕಿ, ಸೆನ್ಸರ್ ಅದ್ದಿ. ಸೊನ್ನೆ ತೋರಿಸಬೇಕು. ನನ್ನದು 0.4 ತೋರಿಸಿತು, ಡಬ್ಬಿಯ ಮೇಲೆ ಬರೆದು ಅಂಟಿಸಿದೆ. ಲಸಿಕೆಯವರು ಮಾಡುವ ಹಾಗೆ ಅದನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿದೆ. ಇಲ್ಲದಿದ್ದರೆ ಅಮ್ಮ ಹಾಲು ತೆಗೆಯಲು ಬಾಗಿಲು ತೆರೆದಾಗಲೆಲ್ಲ ಗಾಳಿಯ ಬಿಸಿಗೆ ಕೂಗುತ್ತದೆ. ನಮಗೆ ಬೇಕಾದದ್ದು ಗಾಳಿಯದ್ದಲ್ಲ, ಔಷಧದ ತಾಪಮಾನ. 8ಕ್ಕೆ ಒಂದು ಎಚ್ಚರಿಕೆ, 2ಕ್ಕೆ ಒಂದು.

ಈ 2ರ ಎಚ್ಚರಿಕೆ ಯಾಕೆ ಅಂತ ಅಪ್ಪ ಕೇಳಿದರು. "ಕರೆಂಟು ಹೋದರೆ ಬಿಸಿಯಾಗುತ್ತದೆ, ತಣ್ಣಗಾದರೆ ಒಳ್ಳೆಯದೇ ಅಲ್ವಾ?"

ಮೂರನೇ ದಿನ ಬೆಳಿಗ್ಗೆ ನೋಡಿದರೆ, ಹಿಂದಿನ ರಾತ್ರಿಯ ಅತಿ ಕಡಿಮೆ ಮೈನಸ್ 2.1!

ಆಗಿದ್ದೇನೆಂದರೆ, ಮರ ಬಿದ್ದ ಆ ದಿನದ ನಂತರ ಅಪ್ಪ ಇನ್ಸುಲಿನ್ನನ್ನು ಬಾಗಿಲಿನಿಂದ ತೆಗೆದು ಫ್ರೀಜರಿನ ಕೆಳಗಿನ ಟ್ರೇಗೆ ಇಟ್ಟಿದ್ದರು. ಕರೆಂಟು ಹೋದರೂ ಹೆಚ್ಚು ಹೊತ್ತು ತಣ್ಣಗಿರಲಿ ಅಂತ. ಅದೇ ಕಾರಣಕ್ಕೆ ತಿರುಪನ್ನೂ ಕೊನೆಯ ಅಂಕೆಗೆ ತಿರುಗಿಸಿದ್ದರು. ಮಲೆನಾಡಿನ ಮಳೆಗಾಲದ ರಾತ್ರಿ, ಹೊರಗೂ ಚಳಿ, ಬಾಗಿಲು ತೆರೆಯುವವರಿಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಿಸಬಾರದು. ಹಗಲು ನೋಡಿದರೆ ಮೊದಲಿನ ಹಾಗೇ ಕಾಣಬಹುದು, ಮುಟ್ಟಿದರೆ "ತಣ್ಣಗೇ ಇದೆ". ಎಷ್ಟು ರಾತ್ರಿ ಹೀಗಾಗಿತ್ತೋ! ಆ ತಿಂಗಳು ಅಮ್ಮನ ಸಕ್ಕರೆ ಯಾಕೆ ಹತೋಟಿಗೆ ಬರಲಿಲ್ಲ ಅಂತ ಇಬ್ಬರೂ ಅವರ ಮೇಲೇ ರೇಗಿದ್ದೆವು. ಕದ್ದು ಸಿಹಿ ತಿನ್ನುತ್ತಾರೆ ಅಂತ. ಇನ್ಸುಲಿನ್ನೇ ಕಾರಣ ಅಂತ ನಾನು ಸಾಧಿಸಿ ತೋರಿಸಲಾರೆ. ಆದರೆ ಅಂದು ಫೋನಿನಲ್ಲಿ ಅಮ್ಮನ ಹತ್ತಿರ ಕ್ಷಮೆ ಕೇಳಿದೆ. "ಹೋಗಲಿ ಬಿಡು, ಸ್ವಲ್ಪ ತಿಂದದ್ದೂ ಹೌದು" ಅಂದರು :)

ಬಿಸಿಗೆ ಹೆದರಿ ಚಳಿಗೆ ಸಿಕ್ಕಿಬಿದ್ದವರು ನಾವೊಬ್ಬರೇ ಅಲ್ಲ ಅಂತ ಲಸಿಕೆಯ ಇತಿಹಾಸ ಓದಿದ್ದರಿಂದ ಗೊತ್ತಿತ್ತು. ಓದದಿದ್ದರೆ ಆ ಎರಡನೇ ಎಚ್ಚರಿಕೆಯನ್ನು ನಾನು ಇಡುತ್ತಲೇ ಇರಲಿಲ್ಲ.

ಸೆನ್ಸರಿಗೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಫ್ರೀಜರಿಗೊಂದು ಉಪಾಯ ಇದೆ. ಬಟ್ಟಲಲ್ಲಿ ನೀರು ಗಟ್ಟಿಯಾಗಿಸಿ ಮೇಲೊಂದು ರೂಪಾಯಿ ನಾಣ್ಯ ಇಡಿ. ನಾಲ್ಕು ದಿನ ಊರಿಗೆ ಹೋಗಿ ಬಂದಾಗ ನಾಣ್ಯ ತಳದಲ್ಲಿದ್ದರೆ ಒಳಗಿದ್ದದ್ದು ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಒಂದು ರೂಪಾಯಿಯ ಜೇಮ್ಸ್ ಸಿಕ್ಸ್!

ಇನ್ಸುಲಿನ್ ಈಗ ನಡುವಿನ ಶೆಲ್ಫಿನಲ್ಲಿದೆ, ತಿರುಪು 3ರಲ್ಲಿದೆ. ನಿನ್ನೆ ಊರಲ್ಲಿ ಜೋರು ಮಳೆಯಂತೆ. ಅಪ್ಪನ ಫೋನು ಬಂತು. "ಕರೆಂಟು ಹೋಗಿ ಐದು ಗಂಟೆ ಆಯ್ತು. ಆರೂವರೆ ತೋರಿಸ್ತಿದೆ. ಬಾಗಿಲು ತೆಗೆದಿಲ್ಲ, ನಿನ್ನ ಅಮ್ಮನಿಗೂ ತೆಗೆಯೋಕೆ ಬಿಟ್ಟಿಲ್ಲ."

ಈ ಸಲ ಪ್ರಶ್ನೆ ಇರಲಿಲ್ಲ, ಬರೀ ಸುದ್ದಿ. ನೆಮ್ಮದಿಯಾಗಿ ಮಲಗಿದೆ.

ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಯಾರ ಔಷಧ ಇದೆ? ಎಲ್ಲಿಟ್ಟಿದ್ದಾರೆ? ಇವತ್ತೊಮ್ಮೆ ಫೋನು ಮಾಡಿ ಕೇಳಿ ನೋಡಿ.