199 ಡಾಲರಿನ ಆಸೆ

ಆಸುಸ್‌ನ ‘ಈ ಪಿಸಿ’ ನೆನಪಿದೆಯಾ? (ಯಾವ ಪಿಸಿ ಅನ್ನಬೇಡಿ, ಹೆಸರೇ ಅದು :-)) 2007ರ ಜೂನಿನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ತೋರಿಸಿದಾಗ ಹೇಳಿದ್ದ ಬೆಲೆ 199 ಡಾಲರ್. ಅಮೆರಿಕದ ಅಂಗಡಿಗೆ ಬರುವಷ್ಟರಲ್ಲಿ 4 ಜಿಬಿ ಮಾದರಿಗೆ 399. ಆದರೂ ಜನ ಮುಗಿಬಿದ್ದರು. ಗೊಣಗಾಟವೆಲ್ಲ 7 ಇಂಚಿನ ಪರದೆಯದ್ದು. ಅಗಲ 800 ಪಿಕ್ಸೆಲ್ ಅಷ್ಟೇ, ಒಂದು ವೆಬ್ ಪುಟ ಓದಲು ಎಡಕ್ಕೂ ಬಲಕ್ಕೂ ಎಳೆದಾಡಬೇಕಿತ್ತು. ದೊಡ್ಡದು ಬೇಕು ಅಂತ ನಾನೂ ಹಲುಬಿದವನೇ.

2008ರಲ್ಲಿ 900 ಮಾದರಿ ಬಂತು. ಪರದೆ 8.9 ಇಂಚು, ಅಗಲ 1024 ಪಿಕ್ಸೆಲ್. ಕೀಲಿಮಣೆ ಮಾತ್ರ ಅದೇ ಪುಟಾಣಿ. ಬೆಲೆ 549! ಪರದೆ ಹೊಗಳಿದವರೇ ಹೌಹಾರಿದರು, ಇಷ್ಟು ಕೊಟ್ಟರೆ ಮಾಮೂಲಿ ಲ್ಯಾಪ್‌ಟಾಪೇ ಸಿಗುತ್ತಲ್ಲ ಅಂತ. ಕಂಪನಿಯನ್ನು ಬೈಯುವುದು ಸುಲಭ, ಆದರೆ ಕೇಳಿದ್ದು ನಾವೇ ತಾನೇ? ಅದೇ ವರ್ಷ 10 ಇಂಚಿನ 1000 ಮಾದರಿಯೂ ಬಂತು... 2013ರ ಹೊತ್ತಿಗೆ ಈ ಪಿಸಿಯ ತಯಾರಿಕೆಯೇ ನಿಂತಿತು.